ಹತ್ತು ಹೆಜ್ಜೆ ಅಂತರದ ಎರಡು ಗುಂಡಿಗಳು: ಇರುವೆಸಿಂಹ ಮತ್ತು ಹುಲಿಜೀರುಂಡೆ

ಪ್ರಶ್ನೆ: ನಾನು ಯಲಹಂಕದ ನಿವಾಸಿ. ಭಾನುವಾರಗಳಂದು ಮೊಮ್ಮಗನನ್ನು ಕರೆದುಕೊಂಡು ಹೆಸರಘಟ್ಟದ ಹುಲ್ಲುಗಾವಲಿಗೆ ಹೋಗುವ ರೂಢಿಯಿದೆ. ಕಳೆದ ಬಾರಿ ಅಲ್ಲಿ ಬಂಡೆಯೊಂದರ ಅಡಿಯ ಹುಡಿಮಣ್ಣಿನಲ್ಲಿ ಆಲಿಕೆಯಂಥ ಗುಳಿಗಳನ್ನು ನೋಡಿದೆವು. ಅಲ್ಲಿಂದ ಹತ್ತು ಹೆಜ್ಜೆ ಆಚೆ, ಕಾಲುದಾರಿಯ ಗಟ್ಟಿ ನೆಲದಲ್ಲಿ, ಪೆನ್ಸಿಲಿನಿಂದ ಚುಚ್ಚಿದಂಥ ದುಂಡು ತೂತುಗಳಿದ್ದವು. ಎರಡು ಕಡೆಯೂ ಒಳಗಿದ್ದ ಹುಳು ಇರುವೆಯನ್ನು ಹಿಡಿದದ್ದನ್ನು ಕಣ್ಣಾರೆ ಕಂಡೆವು. ಎರಡೂ ಒಂದೇ ಹುಳುವೇ? ಗುಳಿಯ ಹುಳುವೇ ಬೆಳೆದು ಏರೋಪ್ಲೇನ್ ಚಿಟ್ಟೆಯಾಗುತ್ತದೆ ಎಂದು ಮೊಮ್ಮಗ ಹಟ ಹಿಡಿದಿದ್ದಾನೆ. ಎರಡರಲ್ಲಿ ಯಾವುದು ಜಾಣ ಎಂಬುದು ಅವನ ಇನ್ನೊಂದು ಪ್ರಶ್ನೆ. ಇಂಗ್ಲೆಂಡಿನಲ್ಲಿರುವ ಮಗಳು ಅಲ್ಲಿನ ‘ಹೀತ್’ ಎಂಬ ಕುರುಚಲು ಬಯಲುಗಳಲ್ಲಿಯೂ ಇಂಥವೇ ಹುಳುಗಳಿವೆ ಎನ್ನುತ್ತಾಳೆ. ಮೂರು ಚಿತ್ರಗಳನ್ನು ಕಳುಹಿಸಿದ್ದೇನೆ. ದಯವಿಟ್ಟು ವಿವರಿಸಿ.

ಉತ್ತರ: ಎರಡೂ ಒಂದೇ ಹುಳುವಲ್ಲ, ಹತ್ತಿರದ ನೆಂಟರೂ ಅಲ್ಲ. ನಿಮ್ಮ ಮೊದಲ ಚಿತ್ರದ ಆಲಿಕೆಯಾಕಾರದ ಗುಳಿ ಇರುವೆಸಿಂಹದ ಮರಿಹುಳುವಿನದು. ಎರಡನೆಯ ಚಿತ್ರದ ದುಂಡು ತೂತು ಹುಲಿಜೀರುಂಡೆಯ ಮರಿಹುಳುವಿನದು. ಇರುವೆಸಿಂಹವು ಜಾಲರಿಯಂಥ ರೆಕ್ಕೆಗಳ ಕೀಟಗಳ ಗಣಕ್ಕೆ ಸೇರಿದ್ದರೆ, ಹುಲಿಜೀರುಂಡೆಯು ಗಟ್ಟಿ ಕವಚದಂಥ ಮುಂರೆಕ್ಕೆಗಳಿರುವ ಜೀರುಂಡೆಗಳ ಗಣದ್ದು. ಇಲ್ಲಿ ಹೆಸರಿನ ಬಗ್ಗೆ ಒಂದು ಮಾತು ಹೇಳಬೇಕು. ಮಲೆನಾಡಿನ ಓದುಗರಿಗೆ ‘ಜೀರುಂಡೆ’ ಎಂದರೆ ಮರದ ಮೇಲೆ ಕುಳಿತು ಕಿವಿ ತೂತಾಗುವಂತೆ ಜೀರ್‍ಗುಟ್ಟುವ ಕೀಟ. ನಾನು ಇಲ್ಲಿ ಆ ಪದವನ್ನು ಪಠ್ಯಪುಸ್ತಕಗಳ ಅರ್ಥದಲ್ಲಿ, ಅಂದರೆ ಸೆಗಣಿಹುಳು, ಗುಲಗಂಜಿಹುಳು ಮುಂತಾದವುಗಳ ಬಳಗಕ್ಕೆ, ಬಳಸುತ್ತಿದ್ದೇನೆ. ‘ಇರುವೆಸಿಂಹ’ವಂತೂ ನೇರ ಅನುವಾದದ ಹೆಸರು. ಮಿರ್ಮೆಲಿಯಾನ್ ಎಂಬ ಅದರ ಶಾಸ್ತ್ರೀಯ ಹೆಸರಿನ ಗ್ರೀಕ್ ಮೂಲದಲ್ಲಿಯೂ ಇರುವೆ ಮತ್ತು ಸಿಂಹ ಎರಡೂ ಇವೆ. ಮಲಯಾಳಿಗಳು ಇದನ್ನು ‘ಕುಳಿಯಾನೆ’ ಎನ್ನುತ್ತಾರೆ. ಬೆನ್ನುಬ್ಬಿದ, ಬೂದುಬಣ್ಣದ, ಮಣ್ಣು ಮೆತ್ತಿಕೊಂಡ ಆ ಮೈಯನ್ನು ಒಮ್ಮೆ ಅಂಗೈಯಲ್ಲಿಟ್ಟು ನೋಡಿದವರಿಗೆ ಸಿಂಹಕ್ಕಿಂತ ಆನೆಯೇ ಸರಿ ಎನ್ನಿಸದಿರದು.

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಮುಖ್ಯ ಸುಳಿವೂ ಇದೆ. ಗುಳಿ ಇದ್ದದ್ದು ಬಂಡೆಯಡಿಯ ಹುಡಿಮಣ್ಣಿನಲ್ಲಿ, ತೂತು ಇದ್ದದ್ದು ಕಾಲುದಾರಿಯ ಗಟ್ಟಿ ನೆಲದಲ್ಲಿ ಎಂದು ಬರೆದಿದ್ದೀರಿ. ಇದು ಆಕಸ್ಮಿಕವಲ್ಲ. ಒಂದೆಡೆ ಕುಳಿತು, ಹಾದುಹೋಗುವ ಇರುವೆಗಾಗಿ ಕಾಯುವುದು ಎರಡೂ ಹುಳುಗಳ ಜೀವನೋಪಾಯ. ಆದರೆ ಇರುವೆಸಿಂಹ ಮಣ್ಣನ್ನೇ ಬಲೆಯಾಗಿಸಿಕೊಂಡಿದೆ, ಹುಲಿಜೀರುಂಡೆಯ ಮರಿ ತನ್ನ ಮೈಯನ್ನೇ ಬಲೆಯಾಗಿಸಿಕೊಂಡಿದೆ. ಹೀಗಾಗಿ ಮೊದಲನೆಯದಕ್ಕೆ ಕುಸಿಯುವ ಮಣ್ಣು ಬೇಕು, ಎರಡನೆಯದಕ್ಕೆ ಕುಸಿಯದ ಮಣ್ಣು ಬೇಕು. ಇವೆರಡರ ನಡುವಿನ ಬಹುತೇಕ ಎಲ್ಲ ವ್ಯತ್ಯಾಸಗಳೂ ಈ ಒಂದು ಸಂಗತಿಯಿಂದ ಹುಟ್ಟಿಕೊಂಡಿವೆ ಎಂದು ನಾನು ತಿಳಿದಿದ್ದೇನೆ.

ಇರುವೆಸಿಂಹದ ಗುಳಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳುವಂಥದು. ಕಣದಲ್ಲಿ ರಾಗಿಯನ್ನು ರಾಶಿ ಹಾಕುವುದನ್ನು ನೀವು ನೋಡಿರಬಹುದು. ಎಷ್ಟೇ ರಾಗಿ ಸುರಿದರೂ ರಾಶಿ ಅಗಲವಾಗುತ್ತ, ಎತ್ತರವಾಗುತ್ತ ಹೋಗುತ್ತದೆಯೇ ಹೊರತು ಅದರ ಇಳಿಜಾರು ಮಾತ್ರ ಒಂದೇ ಹದದಲ್ಲಿರುತ್ತದೆ. ಅದಕ್ಕಿಂತ ಕಡಿದಾದರೆ ಕಾಳು ಜಾರುತ್ತದೆ. ಒಣಗಿದ ಮರಳಿಗೂ ಹೀಗೆಯೇ ಒಂದು ಎಲ್ಲೆಯ ಕೋನವಿದೆ, ಸುಮಾರು 30ರಿಂದ 35 ಡಿಗ್ರಿ. ಇರುವೆಸಿಂಹದ ಮರಿ ರಾಶಿಯನ್ನು ತಲೆಕೆಳಗು ಮಾಡಿದಂತೆ ಗುಳಿ ತೋಡುತ್ತದೆ, ಅದರ ಗೋಡೆಯನ್ನು ಆ ಎಲ್ಲೆಯ ಅಂಚಿಗೇ ತಂದು ನಿಲ್ಲಿಸುತ್ತದೆ. ತನ್ನಷ್ಟಕ್ಕೆ ನಿಂತಿರುವ ಆ ಗೋಡೆ ಇರುವೆಯೊಂದರ ಭಾರ ಬಿದ್ದರೆ ಸಾಕು, ಸರಿಯುತ್ತದೆ. ಇರುವೆ ಹತ್ತಲು ಹೆಣಗಿದಷ್ಟೂ ಕಾಲಡಿಯ ನೆಲವೇ ಕೆಳಗಿಳಿಯುತ್ತದೆ. ಅಷ್ಟಕ್ಕೂ ಅದು ಮೇಲೇರಿತೆಂದರೆ, ತಳದಲ್ಲಿ ಹುದುಗಿರುವ ಹುಳು ತನ್ನ ಚಪ್ಪಟೆ ತಲೆಯಿಂದ ಮಣ್ಣನ್ನು ಮೊರದಲ್ಲಿ ಕೇರಿದಂತೆ ಮೇಲಕ್ಕೆ ಚಿಮ್ಮಿಸುತ್ತದೆ. ಆ ಮಣ್ಣು ಇರುವೆಗೆ ಬಡಿಯುವುದಕ್ಕಿಂತ ಹೆಚ್ಚಾಗಿ, ಬುಡದ ಆಸರೆ ತಪ್ಪಿದ ಗೋಡೆ ಮತ್ತೊಮ್ಮೆ ಜಾರುವುದರಿಂದಲೇ ಇರುವೆ ಕೆಳಗೆ ಬರುತ್ತದೆ.

ಗುಳಿ ತೋಡುವ ಕ್ರಮವೂ ವಿಶಿಷ್ಟವಾದದ್ದು. ಹುಳು ಹಿಮ್ಮುಖವಾಗಿ ನಡೆಯುತ್ತ ಮೊದಲು ಹೊರಸುತ್ತನ್ನು ಗುರುತಿಸಿ, ಸುರುಳಿ ಸುರುಳಿಯಾಗಿ ಒಳಗೆ ಬರುತ್ತ, ಮಣ್ಣನ್ನು ಎಸೆಯುತ್ತ ಹೋಗುತ್ತದೆ. ಹೀಗೆ ಸುರುಳಿಯಾಗಿ ಅಗೆಯುವಾಗ ದಪ್ಪ ಕಣಗಳು ತಾವಾಗಿ ಜಾರಿ ಹುಳುವಿನ ಬಳಿಗೆ ಬರುತ್ತವೆ, ಹುಳು ಅವನ್ನು ಹೊರಗೆಸೆಯುತ್ತದೆ, ಗೋಡೆಯ ಮೇಲೆ ನುಣ್ಣನೆಯ ಕಣಗಳಷ್ಟೇ ಉಳಿಯುತ್ತವೆ ಎಂಬುದನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದ್ದಾರೆ. ಜರಡಿ ಹಿಡಿಯುವ ಕೆಲಸವನ್ನು ಹುಳುವಿನ ಬದಲು ಮಣ್ಣಿನ ಜಾರುವಿಕೆಯೇ ಮಾಡಿಕೊಡುತ್ತದೆ ಎನ್ನಬಹುದು. ಗುಳಿಯ ಸುತ್ತಮುತ್ತ ಹುಡಿಯ ಮೇಲೆ ಅಂಕುಡೊಂಕಾದ ಗೆರೆಗಳು ಕಾಣಿಸಿದರೆ, ಅವು ಹೊಸ ಜಾಗ ಹುಡುಕುತ್ತ ಹುಳು ಹಿಂದೆ ಹಿಂದೆ ಸಾಗಿದ ಜಾಡು. ಎತ್ತು ಉಚ್ಚೆ ಹೊಯ್ದ ಗೆರೆ ಎಂದು ಹಳ್ಳಿಗರು ಹೇಳುವ, ಅಲಂಕಾರಶಾಸ್ತ್ರದವರು ಗೋಮೂತ್ರಿಕೆ ಎಂದು ಗೌರವದಿಂದ ಕರೆಯುವ ಆಕಾರವೇ ಅದು.

ಬೇಟೆ ಸಿಕ್ಕ ಮೇಲಿನ ಕ್ರಮ ಬೇರೆಯೇ. ಇರುವೆಸಿಂಹದ ಕುಡುಗೋಲಿನಂಥ ಉದ್ದ ದವಡೆಗಳೊಳಗೆ ಕೊಳವೆಯಿದೆ. ದವಡೆಯನ್ನು ಚುಚ್ಚಿ, ಇರುವೆಯ ಒಡಲೊಳಕ್ಕೆ ಜೀರ್ಣರಸವನ್ನು ಬಿಟ್ಟು, ಕರಗಿದ್ದನ್ನು ಅದೇ ಕೊಳವೆಯಿಂದ ಹೀರಿ, ಖಾಲಿ ಸಿಪ್ಪೆಯನ್ನು ಗುಳಿಯಾಚೆ ಎಸೆಯುತ್ತದೆ. ದ್ರವಾಹಾರವನ್ನಷ್ಟೇ ಸೇವಿಸುವ ಈ ಮರಿಯ ಜೀರ್ಣನಾಳ ನಡುವಿನಲ್ಲಿ ಮುಚ್ಚಿರುತ್ತದೆ. ತಿಂಗಳುಗಟ್ಟಲೆ, ಆಹಾರ ಕಡಿಮೆಯಾದರೆ ಎರಡು ಮೂರು ವರ್ಷಗಳವರೆಗೂ ಸಾಗಬಹುದಾದ ಮರಿಹುಳುವಿನ ಅವಸ್ಥೆಯಲ್ಲಿ ಅದು ಒಮ್ಮೆಯೂ ಮಲ ವಿಸರ್ಜಿಸುವುದಿಲ್ಲ. ಸಂಗ್ರಹವಾದದ್ದೆಲ್ಲ ರೆಕ್ಕೆ ಬಂದ ನಂತರವೇ ಹೊರಬೀಳುತ್ತದೆ. ಮಲದ ದಾರಿ ಮುಚ್ಚಿದ್ದರೂ ಹಿಂಬದಿ ಸುಮ್ಮನಿರುವುದಿಲ್ಲ: ಕೋಶಾವಸ್ಥೆಗೆ ಹೋಗುವಾಗ ವಿಸರ್ಜನಾಂಗದ ನಾಳಗಳಿಂದ ರೇಷ್ಮೆಯ ನೂಲನ್ನು ತಯಾರಿಸಿ, ಗುದದ್ವಾರದ ಮೂಲಕ ಹೊರಬಿಟ್ಟು, ಮರಳು ಅಂಟಿದ ಗುಂಡನೆಯ ಗೂಡನ್ನು ನೇಯುತ್ತದೆ. ರಾಮನಗರದ ಮಾರುಕಟ್ಟೆಗೆ ಬರುವ ಗೂಡುಗಳ ರೇಷ್ಮೆಹುಳುವಾದರೋ ಬಾಯಿಯ ಬಳಿಯಿಂದ ನೂಲು ತೆಗೆಯುತ್ತದೆ.

ಈಗ ಎರಡನೆಯ ಚಿತ್ರಕ್ಕೆ ಬರೋಣ. ಹತ್ತಿರ ಹೋಗುವವರೆಗೆ ಅಲ್ಲಿ ತೂತೇ ಇರಲಿಲ್ಲ, ಬಗ್ಗಿದೊಡನೆ ‘ತೆರೆದುಕೊಂಡಿತು’ ಎಂದು ಮೊಮ್ಮಗ ಹೇಳಿದ್ದಾಗಿ ಚಿತ್ರದ ಕೆಳಗೆ ಬರೆದಿದ್ದೀರಿ. ಅವನ ಗಮನಿಕೆ ಸರಿಯಾಗಿದೆ. ಹುಲಿಜೀರುಂಡೆಯ ಮರಿ ನೆಟ್ಟಗೆ ಕೆಳಗಿಳಿದ ಬಿಲದೊಳಗೆ ನಿಂತು, ಚಪ್ಪಟೆಯಾದ ತನ್ನ ತಲೆ ಮತ್ತು ಕತ್ತಿನ ಕವಚದಿಂದ ಬಿಲದ ಬಾಯನ್ನು ನೆಲದ ಮಟ್ಟಕ್ಕೆ ಸರಿಯಾಗಿ ಮುಚ್ಚಿಕೊಂಡಿರುತ್ತದೆ. ಅದರ ಬಣ್ಣವೂ ಮಣ್ಣಿನದೇ. ನಮ್ಮ ನೆರಳು ಬಿದ್ದೊಡನೆ ಅದು ಬಿಲದ ತಳಕ್ಕೆ ಇಳಿದುಬಿಡುತ್ತದೆ, ಆಗ ನಮಗೆ ತೂತು ಕಾಣಿಸುತ್ತದೆ. ಮೂರು ನಾಲ್ಕು ಅಡಿ ದೂರದಲ್ಲಿ ಅಲುಗಾಡದೆ ಕುಳಿತು ಹತ್ತು ನಿಮಿಷ ಕಾದರೆ, ತೂತು ಮತ್ತೆ ಮಾಯವಾಗುವುದನ್ನು ನೋಡಬಹುದು.

ಇರುವೆಸಿಂಹವು ಮುಖ್ಯವಾಗಿ ಮರಳಿನ ಕಂಪನದಿಂದ ಬೇಟೆಯನ್ನು ಅರಿಯುತ್ತದೆ. ಹುಲಿಜೀರುಂಡೆಯ ಮರಿ ಕಣ್ಣನ್ನು ನೆಚ್ಚಿಕೊಂಡಿದೆ. ತಲೆಯ ಒಂದೊಂದು ಪಕ್ಕದಲ್ಲಿ ಆರು ಸರಳ ಕಣ್ಣುಗಳಿದ್ದು, ಅವುಗಳಲ್ಲಿ ಎರಡು ಎದ್ದು ಕಾಣುವಷ್ಟು ದೊಡ್ಡವು. ಇರುವೆ ಅಳತೆಯೊಳಗೆ ಬಂದೊಡನೆ ಮರಿ ಬೆನ್ನ ಕಡೆಗೆ ಬಾಗಿ, ಸ್ಪ್ರಿಂಗ್ ಬಿಚ್ಚಿಕೊಂಡಂತೆ ಹೊರಚಿಮ್ಮಿ, ದವಡೆಯಲ್ಲಿ ಕಚ್ಚಿ ಒಳಗೆಳೆಯುತ್ತದೆ. ಈ ಜಿಗಿತದಲ್ಲಿ ಅರ್ಧ ಮೈ ಹೊರಬಂದರೂ ಹುಳು ಬಿಲ ಬಿಟ್ಟು ಬರುವುದಿಲ್ಲ. ಉದರದ ಐದನೆಯ ಖಂಡದ ಬೆನ್ನಿನ ಮೇಲೆ ಒಂದು ಗೂನು ಇದೆ, ಅದರ ಮೇಲೆ ಮುಂದಕ್ಕೆ ಬಾಗಿದ ಕೊಕ್ಕೆಗಳಿವೆ. ಈ ಕೊಕ್ಕೆಗಳು ಬಿಲದ ಗೋಡೆಗೆ ಲಂಗರಿನಂತೆ ನಾಟಿಕೊಳ್ಳುವುದರಿಂದ, ತನಗಿಂತ ಬಲವಾದ ಬೇಟೆ ಎಳೆದರೂ ಮರಿ ಕದಲುವುದಿಲ್ಲ. ಕೊಕ್ಕೆ ನಾಟಬೇಕಾದರೆ ಗೋಡೆ ಗಟ್ಟಿಯಾಗಿರಬೇಕಲ್ಲವೇ? ಇರುವೆಸಿಂಹದ ಹುಡಿಮಣ್ಣಿನಲ್ಲಿ ಈ ಹುಳುವಿಗೆ ಬಿಲವೂ ನಿಲ್ಲದು, ಕೊಕ್ಕೆಯೂ ಹತ್ತದು. ಹಾಗೆಯೇ ನಮ್ಮ ಕಾಲುದಾರಿಯ ಗಟ್ಟಿ ಕೆಂಪು ಮಣ್ಣಿನಲ್ಲಿ ಇರುವೆಸಿಂಹದ ಗುಳಿಗೆ ಜಾರುವ ಗೋಡೆ ದೊರೆಯದು.

ಹುಲಿಜೀರುಂಡೆಯ ಮರಿಯ ಜಾಗವನ್ನು ನಿರ್ಧರಿಸುವುದು ತಾಯಿ. ಅದು ನೆಲವನ್ನು ಚುಚ್ಚಿ ಒಂದೊಂದೇ ಮೊಟ್ಟೆಯಿಡುತ್ತದೆ. ಮರಿ ಸಾಮಾನ್ಯವಾಗಿ ಅಲ್ಲಿಯೇ ಬಿಲ ತೋಡಿ, ತಾನು ಬೆಳೆದಂತೆಲ್ಲ ಅದನ್ನೇ ಅಗಲ ಮತ್ತು ಆಳ ಮಾಡುತ್ತ, ಮೂರು ಹಂತಗಳನ್ನು ಅಲ್ಲೇ ಕಳೆದು, ಕಡೆಗೆ ಬಾಯಿಗೆ ಮಣ್ಣಿನ ಬಿರಡೆ ಹಾಕಿ ಕೋಶವಾಗುತ್ತದೆ. ಪೊರೆ ಕಳಚುವಾಗಲೂ, ಹವಾಮಾನ ಪ್ರತಿಕೂಲವಾದಾಗಲೂ ಹೀಗೆಯೇ ಬಾಯಿ ಮುಚ್ಚಿಕೊಳ್ಳುವುದುಂಟು. ಇರುವೆಸಿಂಹಕ್ಕಾದರೆ ಇಲ್ಲಿ ಆಗದಿದ್ದರೆ ಅಲ್ಲಿ ಎಂದು ಗುಳಿ ಬದಲಾಯಿಸುವ ಸ್ವಾತಂತ್ರ್ಯವಿದೆ.

ಈ ಕಾರಣದಿಂದ ಹುಲಿಜೀರುಂಡೆಯ ಮರಿಗೆ ಒಂದು ವಿಶೇಷ ಅಪಾಯವಿದೆ. ಮೆಥೋಕಾ ಎಂಬ ಕುಲದ ಕಣಜಗಳಲ್ಲಿ ಹೆಣ್ಣಿಗೆ ರೆಕ್ಕೆಯಿಲ್ಲ, ನೋಡಲು ಇರುವೆಯಂತೆಯೇ ಇರುತ್ತದೆ. ಅದು ಬಿಲದ ಬಳಿ ಸುಳಿದಾಡಿ, ಮರಿ ತನ್ನನ್ನು ಕಚ್ಚಲು ಮೇಲೆ ಚಿಮ್ಮಿದಾಗ ನುಣುಪಾದ ತನ್ನ ಸಪುರ ಮೈಯನ್ನು ದವಡೆಗಳ ನಡುವೆ ತೂರಿಸಿ, ಮರಿಯ ಮೆತ್ತನೆಯ ಭಾಗಕ್ಕೆ ಕೊಂಡಿಯಿಂದ ಚುಚ್ಚಿ ನಿಶ್ಚಲಗೊಳಿಸುತ್ತದೆ. ಬಳಿಕ ಅದರ ಮೇಲೆ ಮೊಟ್ಟೆಯಿಟ್ಟು, ಬಿಲವನ್ನು ಮಣ್ಣಿನಿಂದ ಮುಚ್ಚಿ ಹೊರಟುಹೋಗುತ್ತದೆ. ಇರುವೆಯನ್ನು ಹಿಡಿಯಲು ಕಾದಿದ್ದ ಮರಿ ಇರುವೆಯಂಥದಕ್ಕೇ ಆಹಾರವಾಗುತ್ತದೆ.

ಇನ್ನು ಮೊಮ್ಮಗನ ಏರೋಪ್ಲೇನ್ ಚಿಟ್ಟೆಯ ವಾದ. ಅವನ ತಪ್ಪು ಸಹಜವಾದದ್ದು. ರೆಕ್ಕೆ ಬಂದ ಇರುವೆಸಿಂಹವು ಉದ್ದನೆಯ ಸಪುರ ಹೊಟ್ಟೆ ಮತ್ತು ನಾಲ್ಕು ಪಾರದರ್ಶಕ ರೆಕ್ಕೆಗಳಿಂದ ಏರೋಪ್ಲೇನ್ ಚಿಟ್ಟೆಯನ್ನು, ಅಂದರೆ ಕೊಡತಿಕೀಟವನ್ನು, ಬಹಳ ಹೋಲುತ್ತದೆ. ಆದರೆ ಕುಡಿಮೀಸೆಯನ್ನು ನೋಡಿ. ಕೊಡತಿಕೀಟದ್ದು ಕೂದಲಿನಂತೆ ಚಿಕ್ಕದು, ಇರುವೆಸಿಂಹದ್ದು ಎದ್ದು ಕಾಣುವಷ್ಟು ಉದ್ದ ಮತ್ತು ತುದಿಯಲ್ಲಿ ದಪ್ಪ. ಕುಳಿತಾಗ ಇರುವೆಸಿಂಹ ರೆಕ್ಕೆಗಳನ್ನು ಹೆಂಚಿನ ಮಾಡಿನಂತೆ ಮೈಮೇಲೆ ಇಳಿಬಿಡುತ್ತದೆ. ಕೊಡತಿಕೀಟದ ಮರಿ ಕೆರೆನೀರಿನಲ್ಲಿ ಬೆಳೆಯುತ್ತದೆ, ಅದಕ್ಕೆ ಕೋಶಾವಸ್ಥೆಯೇ ಇಲ್ಲ. ಕೊಡತಿಕೀಟ ಹಗಲಿನ ಚುರುಕು ಬೇಟೆಗಾರ. ಇರುವೆಸಿಂಹವು ಸಂಜೆಯ ಮೇಲೆ ತಡವರಿಸುತ್ತ ಹಾರಿ, ವರಾಂಡದ ಟ್ಯೂಬ್‌ಲೈಟಿಗೆ ಬಂದು ಬಡಿದುಕೊಳ್ಳುವ ದುರ್ಬಲ ಜೀವಿ, ಕೆಲವು ವಾರಗಳಷ್ಟೇ ಅದರ ಆಯುಸ್ಸು. ಜಗತ್ತಿನಲ್ಲಿ ಸುಮಾರು 2,000 ಬಗೆಯ ಇರುವೆಸಿಂಹಗಳಿದ್ದರೂ ಗುಳಿ ತೋಡುವವು ಅವುಗಳಲ್ಲಿ ಕೆಲವು ಮಾತ್ರ ಎಂಬುದನ್ನೂ ಇಲ್ಲಿ ಹೇಳಬೇಕು. ಉಳಿದವುಗಳ ಮರಿಗಳು ಮಣ್ಣಿನಲ್ಲಿ, ತರಗೆಲೆಯಡಿಯಲ್ಲಿ, ಮರದ ಪೊಟರೆಗಳಲ್ಲಿ ಸುಮ್ಮನೆ ಅಡಗಿ ಕಾಯುತ್ತವೆ.

ಹುಲಿಜೀರುಂಡೆಯ ಕಥೆ ತದ್ವಿರುದ್ಧ. ಬಿಲದಲ್ಲಿ ಅಲುಗಾಡದೆ ಬಾಲ್ಯ ಕಳೆದದ್ದು ದೊಡ್ಡದಾದ ಮೇಲೆ ಕೀಟಲೋಕದ ಅತಿ ವೇಗದ ಓಟಗಾರರಲ್ಲಿ ಒಂದಾಗುತ್ತದೆ. ಆಸ್ಟ್ರೇಲಿಯಾದ ಒಂದು ಪ್ರಭೇದವು ಸೆಕೆಂಡಿಗೆ 2.5 ಮೀಟರ್, ಎಂದರೆ ಗಂಟೆಗೆ 9 ಕಿಲೋಮೀಟರ್ ವೇಗದಲ್ಲಿ ಓಡಿದ್ದು ದಾಖಲಾಗಿದೆ. ಈ ಕೀಟ ಸ್ವಲ್ಪ ದೂರ ಓಡಿ, ಥಟ್ಟನೆ ನಿಂತು, ಮತ್ತೆ ಓಡುತ್ತದೆ. ಓಡುವ ವೇಗಕ್ಕೆ ಕಣ್ಣಿಗೆ ಸಾಕಷ್ಟು ಬೆಳಕು ಸಂಗ್ರಹವಾಗದೆ ಬೇಟೆಯ ಬಿಂಬ ಮಸುಕಾಗುತ್ತದೆ, ಆದುದರಿಂದ ಅದು ನಿಂತು ನೋಡಿಕೊಳ್ಳಬೇಕಾಗುತ್ತದೆ ಎಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಕೋಲ್ ಗಿಲ್ಬರ್ಟ್ ವಿವರಿಸಿದ್ದಾರೆ. ಹುಲ್ಲುಗಾವಲಿನ ದಾರಿಯಲ್ಲಿ ನಿಮ್ಮ ಮುಂದೆ ಮುಂದೆ ಪುರ್ರನೆ ಹಾರಿ, ಕೆಲವು ಗಜ ಆಚೆ ಇಳಿದು, ನೀವು ಸಮೀಪಿಸಿದೊಡನೆ ಮತ್ತೆ ಹಾರುವ ಹೊಳಪಿನ ಜೀರುಂಡೆ ಕಂಡಿದ್ದರೆ ಅದೇ ಇದು. ಭಾರತದಲ್ಲಿ ಇವುಗಳ 200ಕ್ಕೂ ಹೆಚ್ಚು ಪ್ರಭೇದಗಳಿವೆ. ಎಲ್ಲವೂ ನೆಲದವೇ ಅಲ್ಲ. ನಿಯೋಕಾಲಿರಿಸ್ ಕುಲದವುಗಳ ಮರಿಗಳು ಎಳೆಯ ರೆಂಬೆಗಳಲ್ಲಿ ಬಿಲ ಕೊರೆಯುತ್ತವೆ.

ಬೆಂಗಳೂರಿನ ಋತುಚಕ್ರದಲ್ಲಿಯೂ ಇವೆರಡು ಬೇರೆ ಬೇರೆ ಕಾಲವನ್ನು ಹಿಡಿದಿವೆ. ಒದ್ದೆಯಾದ ಮರಳು ಅಂಟಿಕೊಳ್ಳುತ್ತದೆ, ಜಾರುವುದಿಲ್ಲ. ಹೀಗಾಗಿ ಸಂಕ್ರಾಂತಿಯಿಂದ ಮೊದಲ ಬೇಸಿಗೆ ಮಳೆ ಬೀಳುವವರೆಗೆ ಬಯಲಿನಲ್ಲಿಯೂ ಇರುವೆಸಿಂಹದ ಗುಳಿಗಳು ಸಿಗುತ್ತವೆ. ವರ್ಷದ ಸುಮಾರು 970 ಮಿಲಿಮೀಟರ್ ಮಳೆಯಲ್ಲಿ ದೊಡ್ಡ ಪಾಲು ಸುರಿಯುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ತಿಂಗಳುಗಳಲ್ಲಿ ಬಂಡೆಯ ಚಾಚು, ಹಳೆಯ ಮನೆಯ ಸೂರು, ಗುಡಿಯ ಜಗಲಿಯ ಪಕ್ಕ, ಇಂಥ ಮಳೆ ಹೊಡೆಯದ ಜಾಗಗಳಲ್ಲಿ ಮಾತ್ರ ಅವು ಉಳಿದಿರುತ್ತವೆ. ಹುಲಿಜೀರುಂಡೆಗಳು ಇದಕ್ಕೆ ವಿರುದ್ಧವಾಗಿ ಮಳೆಯೊಂದಿಗೆ ಹೊರಬರುತ್ತವೆ. ನೆಲ ಮೆದುವಾದಾಗಲೇ ಬಿಲ ತೋಡುವುದು, ಮೊಟ್ಟೆಯಿಡುವುದು ಸುಲಭ. ಎರಡನ್ನೂ ಒಂದೇ ದಿನ ತೋರಿಸಬೇಕೆಂದಿದ್ದರೆ ಮಳೆ ನಿಂತು ನಾಲ್ಕೈದು ದಿನ ಬಿಸಿಲು ಬಿದ್ದ ನಂತರ ಹೋಗಿ.

ನಿಮ್ಮ ಮಗಳು ಹೇಳಿದ್ದು ನಿಜ. ಹೀತ್ ಎಂಬುದು ಸಾರವಿಲ್ಲದ, ಆಮ್ಲೀಯವಾದ ಮರಳುಮಣ್ಣಿನ ಮೇಲೆ ಹೆದರ್ ಎಂಬ ಗಿಡ್ಡ ಪೊದೆ ಹರಡಿರುವ ಬಯಲು. ದಕ್ಷಿಣ ಇಂಗ್ಲೆಂಡಿನ ಡಾರ್ಸೆಟ್, ಹ್ಯಾಂಪ್‌ಶೈರ್, ಸರ್ರೆ ಕಡೆಯ ಹೀತ್‌ಗಳಲ್ಲಿ ಸಿಸಿಂಡೆಲಾ ಸಿಲ್ವಾಟಿಕಾ ಎಂಬ ಹುಲಿಜೀರುಂಡೆಯಿದೆ. ಯೂರೋಲಿಯಾನ್ ನಾಸ್ಟ್ರಾಸ್ ಎಂಬ ಇರುವೆಸಿಂಹವು ಪೂರ್ವ ಕರಾವಳಿಯ ಸಫೋಕ್‌ನ ಮರಳುನಾಡಿನಲ್ಲಿದೆ. ಅಲ್ಲಿ ಈ ಎರಡನ್ನು ನೋಡಲು ಜಿಲ್ಲೆಗಳನ್ನು ದಾಟಬೇಕು, ನಿಮಗೆ ಹತ್ತು ಹೆಜ್ಜೆಗಳಲ್ಲಿ ಸಿಕ್ಕಿವೆ. ಇಂಗ್ಲೆಂಡಿನ ತಗ್ಗುನಾಡಿನ ಹೀತ್‌ಗಳಲ್ಲಿ ಹೆಚ್ಚಿನ ಪಾಲು 1800ರ ಈಚೆಗೆ ನಾಶವಾಗಿದೆ. ಉಳಿದಿರುವಲ್ಲಿ ದನಕುದುರೆಗಳನ್ನು ಮೇಯಿಸಿ, ನುಗ್ಗಿಬರುವ ಪೈನ್ ಮತ್ತು ಬರ್ಚ್ ಸಸಿಗಳನ್ನು ಕಿತ್ತು, ಕೆಲವೆಡೆ ಮೇಲ್ಮಣ್ಣನ್ನು ಕೆರೆದು ಬೋಳುನೆಲವನ್ನು ಬೇಕೆಂದೇ ಉಂಟುಮಾಡುತ್ತಾರೆ; ಹುಲಿಜೀರುಂಡೆಗೆ ಬೋಳುನೆಲವೇ ಬೇಕು. ನಮ್ಮಲ್ಲಿ ಇಂಥ ನೆಲಕ್ಕೆ ಕಂದಾಯದ ಕಡತಗಳಲ್ಲಿ ‘ಖರಾಬು’ ಎಂಬ ಹೆಸರಿದೆ. ಅದನ್ನು ಕಂಡವರಿಗೆ ಸಸಿ ನೆಡುವ ಹುಮ್ಮಸ್ಸು ಬರುತ್ತದೆ. ಹುಲ್ಲುಗಾವಲಿನಲ್ಲಿ ಮರ ನೆಡುವುದು ಇವೆರಡು ಹುಳುಗಳ ಪಾಲಿಗೆ ಕಾಂಕ್ರೀಟು ಸುರಿಯುವುದಕ್ಕಿಂತ ತೀರಾ ಬೇರೆಯಲ್ಲ ಎಂಬುದು ನನ್ನ ಅಭಿಪ್ರಾಯ. ಹೆಸರಘಟ್ಟದ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶವಾಗಿಸುವ ಪ್ರಸ್ತಾವಕ್ಕೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿದೆ. ಆ ನೆಲವನ್ನು ಹುಲ್ಲುಗಾವಲಾಗಿಯೇ ಉಳಿಸಿಕೊಂಡರೆ ಮಾತ್ರ ಅದರಿಂದ ಈ ಹುಳುಗಳಿಗೆ ಪ್ರಯೋಜನವಾದೀತು.

ಯಾವುದು ಜಾಣ ಎಂಬ ಪ್ರಶ್ನೆಗೆ ನನ್ನ ಒಲವು ಹುಲಿಜೀರುಂಡೆಯ ಮರಿಯ ಕಡೆಗೆ, ಅದು ಕಣ್ಣಿಟ್ಟು ಅಳೆದು ಹೊಡೆಯುತ್ತದೆ ಎಂಬ ಕಾರಣಕ್ಕೆ. ಆದರೆ ಕಡಿಮೆ ಶ್ರಮದಲ್ಲಿ ಹೆಚ್ಚು ಕೆಲಸ ಮಾಡಿಸಿಕೊಳ್ಳುವುದೇ ಜಾಣತನವೆಂದು ಮೊಮ್ಮಗ ವಾದಿಸಿದರೆ, ಮಣ್ಣಿನ ಕೈಯಲ್ಲಿ ಜರಡಿ ಹಿಡಿಸುವ ಇರುವೆಸಿಂಹವೇ ಗೆದ್ದಿತೆಂದು ನಾನು ಒಪ್ಪಿಕೊಳ್ಳಬೇಕಾಗುತ್ತದೆ. ಅವನಿಗೆ ಪರೀಕ್ಷಿಸಿ ನೋಡುವ ಆಸೆಯಿದ್ದರೆ, ಹುಲ್ಲುಕಡ್ಡಿಯಿಂದ ಗುಳಿಯ ಅಂಚಿನ ನಾಲ್ಕು ಕಣ ಮಣ್ಣನ್ನು ಉದುರಿಸಲಿ, ಹುಳು ಮಣ್ಣು ಚಿಮ್ಮಿಸಿ ಉತ್ತರ ಕೊಡುತ್ತದೆ. ಹುಲಿಜೀರುಂಡೆಯ ಬಿಲವನ್ನು ಮಾತ್ರ ಅಗೆಯುವುದು ಬೇಡ. ಗುಳಿ ಕೆಟ್ಟರೆ ಇರುವೆಸಿಂಹ ಇನ್ನೊಂದನ್ನು ತೋಡಿಕೊಳ್ಳುತ್ತದೆ, ಈ ಮರಿಗೆ ಇರುವುದು ಅದೊಂದೇ ಬಿಲ.

ನಿಮ್ಮ ಮೂರನೆಯ ಚಿತ್ರದ ತೂತು ಇವೆರಡರಲ್ಲಿ ಯಾವುದರದೂ ಅಲ್ಲ. ಹಿಗ್ಗಿಸಿ ನೋಡಿದರೆ ಅದರ ಬಾಯಿಯ ಸುತ್ತ ತೆಳ್ಳಗೆ ಬಿಳಿಯ ನೂಲಿನ ಅಸ್ತರಿಯೂ, ಅದಕ್ಕೆ ಅಂಟಿದ ಹುಲ್ಲಿನ ಚೂರುಗಳೂ ಕಾಣುತ್ತವೆ. ಹುಲಿಜೀರುಂಡೆಯ ಬಿಲದ ಅಂಚು ನೂಲಿಲ್ಲದೆ, ಚಾಕುವಿನಿಂದ ಕತ್ತರಿಸಿದಂತೆ ಚೊಕ್ಕವಾಗಿರುತ್ತದೆ. ಇದು ಬಿಲದಲ್ಲಿ ವಾಸಿಸುವ ತೋಳಜೇಡದ್ದಿರಬೇಕು. ಕತ್ತಲಾದ ಮೇಲೆ ಟಾರ್ಚನ್ನು ಹಣೆಯ ಮಟ್ಟದಲ್ಲಿ ಹಿಡಿದು ಬೆಳಕು ಬಿಟ್ಟರೆ ಬಿಲದ ಬಾಯಲ್ಲಿ ಅದರ ಕಣ್ಣುಗಳು ಮಿನುಗುವುದು ಕಾಣಿಸುತ್ತದೆ.